ಟಚಿಂಗ್ ಮೇಷ್ಟ್ರು ಒರೆಸಿದ ಮೊಡವೆಗಳು

ಟಚಿಂಗ್ ಮೇಷ್ಟ್ರಿಗೆ ಜನರ ಮುಖ ನೋಡಿ ಮಾತಾಡುವ ಅಭ್ಯಾಸವಿರಲಿಲ್ಲ, ಮುಖದ ಮೇಲಿನದನ್ನು ನೋಡಿ ಮಾತಾಡುತ್ತಿದ್ದರು. ಎದುರಿಗೆ ನಿಂತವರು ಮದುವೆಗೆ ಕರೆಯಲು ಬಂದಿರಲಿ, ಜಗಳ ಕಾಯಲು ಬಂದಿರಲಿ, ಅವರ ಕಣ್ಣು ಮೊದಲು ಹೋಗುತ್ತಿದ್ದುದು ಕೆನ್ನೆಗೆ, ಅಲ್ಲಿಂದ ಹಣೆಗೆ, ಆಮೇಲೆ ಮೂಗಿನ ಪಕ್ಕದ ಸಂದಿಗೆ. ಅಲ್ಲಿ ಏನಾದರೂ ಸಿಕ್ಕಿತೋ, ಬಲಗೈಯ ತೋರುಬೆರಳು ತಾನಾಗಿ ಒಮ್ಮೆ ಮಿಡಿಯುತ್ತಿತ್ತು. ಇದು ರೋಗವಲ್ಲ, ಕಸುಬು. ಇಪ್ಪತ್ತೆಂಟು ವರ್ಷ ಒಂದೇ ಫೋಟೋ ಸ್ಟುಡಿಯೋದಲ್ಲಿ ಕೂತು ಊರಿನವರ ಮೊಡವೆ ಒರೆಸಿದ ಬೆರಳು ಅದು.

ಮೇಷ್ಟ್ರು ಎಂಬುದು ಯಾವ ಶಾಲೆಯವರೂ ಕೊಟ್ಟ ಪಟ್ಟವಲ್ಲ. ನೆಗೆಟಿವ್ ಕಾಲದಲ್ಲಿ ಕೆಳಗೆ ದೀಪವಿಟ್ಟ ಗಾಜಿನ ಮೇಲೆ ನೆಗೆಟಿವ್ ಹರಡಿ, ಸೂಜಿಯಂತೆ ಹೆರೆದ ಪೆನ್ಸಿಲ್ಲಿನಲ್ಲಿ ಚುಕ್ಕೆಗೆ ಚುಕ್ಕೆ ತುಂಬಿ ಕಲೆ ಮುಚ್ಚುವ ಕೆಲಸಕ್ಕೆ ಟಚಿಂಗ್ ಎನ್ನುತ್ತಿದ್ದರು. ಆ ಕೆಲಸವನ್ನು ಇಬ್ಬರು ಮೂವರಿಗೆ ಕಲಿಸಿದ್ದರಿಂದ ಮೇಷ್ಟ್ರಾದರು. ಆಮೇಲೆ ಕಂಪ್ಯೂಟರ್ ಬಂತು, ಪೆನ್ಸಿಲ್ ಹೋಯಿತು, ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಈಗ ಪರದೆಯ ಮೇಲೆ ಒಂದು ಪುಟ್ಟ ವೃತ್ತ. ಅದನ್ನು ಮೊಡವೆಯ ಮೇಲೆ ತಂದು ಕೂರಿಸಿ ಒತ್ತಿದರೆ ಪಕ್ಕದ ಚರ್ಮ ಬಂದು ಅಲ್ಲಿ ಕೂತುಬಿಡುತ್ತದೆ. ಕರಿಚುಕ್ಕೆಗೆ ಸಣ್ಣ ವೃತ್ತ, ಬಿಳಿ ತಲೆಯದಕ್ಕೆ ಅದರ ಎರಡರಷ್ಟು, ಕೆಂಪಗೆ ಊದಿ ಕೀವು ಕಟ್ಟಿದ್ದಕ್ಕೆ ಇನ್ನೂ ದೊಡ್ಡದು. ಚರ್ಮದ ಅಡಿಯಲ್ಲಿ ಗಂಟು ಕಟ್ಟಿಕೊಂಡದ್ದು ಮಾತ್ರ ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಅದಕ್ಕೆ ಬಣ್ಣವಷ್ಟೇ ಅಲ್ಲ, ನೆರಳೂ ಇರುತ್ತದೆ. ಬಣ್ಣ ತೆಗೆದು ನೆರಳು ಬಿಟ್ಟರೆ ಮುಖ ಪೆಟ್ಟು ತಿಂದ ಪಾತ್ರೆಯಂತೆ ಕಾಣುತ್ತದೆ. ಮೊಡವೆಯ ಜಾತಿ ಎಷ್ಟು ಎಂದು ಮೇಷ್ಟ್ರನ್ನು ಕೇಳಿದ್ದರೆ ವೃತ್ತದ ಅಳತೆಯಲ್ಲೇ ಉತ್ತರ ಹೇಳುತ್ತಿದ್ದರು. ಅದು ಏಕೆ ಬರುತ್ತದೆ ಎಂದು ಕೇಳಿದ್ದರೆ ಬಾಯಿ ಬಿಡುತ್ತಿದ್ದರು.

ಅವರ ಗಡ್ಡದ ಕೆಳಗೂ ಒಂದು ಕತೆ ಇತ್ತು. ಹದಿನೇಳರಲ್ಲಿ ಬಂದ ಮೊಡವೆ ಇಪ್ಪತ್ತೈದಕ್ಕೆ ಬಿಟ್ಟುಹೋಗುವಾಗ ಎರಡೂ ಕೆನ್ನೆ ತುಂಬ ಗುಳಿ ಬಿಟ್ಟುಹೋಗಿತ್ತು. ಹೆಣ್ಣಿನ ಕಡೆಯವರು ಫೋಟೋ ಕೇಳಿದಾಗ ಮೇಷ್ಟ್ರು ತಮ್ಮ ನೆಗೆಟಿವ್ ಅನ್ನು ತಾವೇ ಮೂರು ದಿನ ಕೂತು ಟಚಿಂಗ್ ಮಾಡಿ, ಬೆಣ್ಣೆಯಂಥ ಕೆನ್ನೆ ಮಾಡಿ ಕಳಿಸಿದ್ದರು. ಹುಡುಗಿ ನೋಡಲು ಹೋಗುವ ಹೊತ್ತಿಗೆ ಗಡ್ಡ ಬೆಳೆಸಿದ್ದರು. ಮದುವೆಯಾದ ಮೇಲೆ ಹೆಂಡತಿಗೆ ಗೊತ್ತಾಯಿತು, ನಕ್ಕುಬಿಟ್ಟಳು. ಇಂದಿಗೂ ಯಾರಾದರೂ ನೆಂಟರು ಬಂದರೆ ತಾನು ಫೋಟೋವನ್ನು ಮದುವೆಯಾದವಳೆಂದೂ, ಜೊತೆಗೆ ಈ ಮನುಷ್ಯ ಉಚಿತವಾಗಿ ಬಂದರೆಂದೂ ಹೇಳುತ್ತಾಳೆ. ಆ ಒಂದು ಸುಳ್ಳು ತನಗೆ ಸಂಸಾರ ಕೊಟ್ಟಿತು ಎಂದು ಮೇಷ್ಟ್ರು ಮನಸ್ಸಿನಲ್ಲೇ ನಂಬಿದ್ದರು. ಮುಂದಿನದಕ್ಕೆಲ್ಲ ಬೇರು ಇಲ್ಲೇ ಇದೆ.

ಅವರಿಗಿದ್ದದ್ದು ಒಬ್ಬಳೇ ಮಗಳು, ಮನೆಯಲ್ಲಿ ಪುಟ್ಟಿ. ಹದಿನಾಲ್ಕರಲ್ಲಿ ಅವಳ ಹಣೆಯ ಮೇಲೆ ನಾಲ್ಕು ಚುಕ್ಕೆ ಮೂಡಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹದಿನಾರಾಗುವ ಹೊತ್ತಿಗೆ ಅವು ಕೆನ್ನೆಗಿಳಿದು, ಗದ್ದದ ಅಂಚಿಗೆ ಗಂಟುಗಂಟಾಗಿ ಕೂತು, ಮುಟ್ಟಿದರೆ ಕಣ್ಣಲ್ಲಿ ನೀರು ಬರುವಂತೆ ನೋಯತೊಡಗಿದವು. ಆಗ ಬೀದಿಗೆ ಬೀದಿಯೇ ವೈದ್ಯರಾಯಿತು. ಕರಿದದ್ದು ಕೊಡಬೇಡಿ ಎಂದರು. ದಿನಕ್ಕೆ ಹತ್ತು ಸಲ ಮುಖ ತೊಳಿ ಎಂದರು. ಹಲ್ಲುಜ್ಜುವ ಪೇಸ್ಟು ಹಚ್ಚಿ ಮಲಗು ಎಂದು ಒಬ್ಬಳು ಹೇಳಿದಳು, ಮಗು ಅದನ್ನೂ ಮಾಡಿ ಚರ್ಮ ಸುಟ್ಟುಕೊಂಡಿತು. ಹೆಂಡತಿ ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಜಾ ಹಾಕುವವಳು. ಅಲ್ಲಿ ಅಕ್ಕಪಕ್ಕದ ಮೆಷಿನ್ನಿನವರು ದಿನಕ್ಕೊಂದು ಸಲಹೆ ಕಟ್ಟಿ ಕಳಿಸುತ್ತಿದ್ದರು. ಬಿಟ್ಟಿ ಸಿಕ್ಕರೆ ಜನ ಸಲಹೆಯನ್ನು ಎಷ್ಟು ಧಾರಾಳವಾಗಿ ಕೊಡುತ್ತಾರೆ ನೋಡಿ.

ಪುಟ್ಟಿ ಶಾಲೆಯಲ್ಲಿ ಬೆಳಗಿನ ಹೊತ್ತು ಎಲ್ಲರೆದುರು ನಿಂತು ಅಂದಿನ ಸುದ್ದಿ ಓದುವವಳು. ಗಂಟೆ ಹೊಡೆದಂಥ ದನಿ. ಒಂದು ದಿನ ಬಂದು, ಇನ್ನು ಮುಂದೆ ಬೇರೆಯವರು ಓದುತ್ತಾರೆ ಎಂದಳು. ಕೂದಲನ್ನು ಎರಡೂ ಕಡೆ ಇಳಿಬಿಟ್ಟು ಮುಖದ ಅರ್ಧ ಮುಚ್ಚಿಕೊಳ್ಳತೊಡಗಿದಳು. ಬಚ್ಚಲಮನೆಯ ಕನ್ನಡಿಗೆ ಟವೆಲ್ ಹೊದಿಸಿದಳು. ಯಾರೂ ಅದನ್ನು ತೆಗೆಯಲಿಲ್ಲ. ಮೇಷ್ಟ್ರು ಕೆಲಸಕ್ಕೆ ಹೊರಡುವಾಗ ಗಡ್ಡವನ್ನು ಕನ್ನಡಿಯಿಲ್ಲದೆ ಬಾಚಿಕೊಳ್ಳುವುದನ್ನು ಕಲಿತರು.

ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಇದ್ದದ್ದು ಒಬ್ಬರೇ ಡಾಕ್ಟರು, ನಡುವಯಸ್ಸಿನ ಹೆಂಗಸು. ಹೊರಗಿನ ಬೆಂಚಿನ ಮೇಲೆ ಅರ್ಧ ಊರು ಕೂತಿದ್ದರೂ ಅವಸರ ಮಾಡದೆ ಮಾತಾಡಿದರು. ಮೊದಲು ಕೊಳೆಯ ಮಾತನ್ನು ಕಿತ್ತು ಹಾಕಿದರು. ಕೂದಲಿನ ಒಂದೊಂದು ಬುಡದಲ್ಲೂ ಎಣ್ಣೆ ಒಸರುವ ಪುಟ್ಟ ಗ್ರಂಥಿ ಇದೆ, ಈ ವಯಸ್ಸಿನಲ್ಲಿ ಹಾರ್ಮೋನು ಏರಿ ಅದು ಬೇಕಾದ್ದಕ್ಕಿಂತ ಹೆಚ್ಚು ದುಡಿಯುತ್ತದೆ, ಆ ಎಣ್ಣೆಗೆ ಸತ್ತ ಚರ್ಮ ಸೇರಿ ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ಬಾಯಿ ತೆರೆದಿದ್ದರೆ ಗಾಳಿ ತಗುಲಿ ಕಪ್ಪಾಗುತ್ತದೆ, ಮುಚ್ಚಿದ್ದರೆ ಬಿಳಿ. ಎಲ್ಲರ ಚರ್ಮದ ಮೇಲೂ ಇರುವ ಒಂದು ಸೂಕ್ಷ್ಮಾಣು ಒಳಗೆ ಸಿಕ್ಕಿಕೊಂಡು ಬೆಳೆದರೆ ಕೆಂಪಾಗಿ ಕೀವು ತುಂಬುತ್ತದೆ. ಆ ಚೀಲ ಹೊರಗೆ ಒಡೆಯದೆ ಒಳಗೇ ಒಡೆದರೆ ಗಂಟು. ಪುಟ್ಟಿಯದು ಈ ಕೊನೆಯ ಬಗೆ. ಹತ್ತು ಸಲ ಮುಖ ತೊಳೆದರೆ ಚರ್ಮ ಕೆರಳುತ್ತದೆಯೇ ಹೊರತು ಗಂಟು ಕರಗುವುದಿಲ್ಲ. ಕರಿದದ್ದರ ಎಣ್ಣೆ ಹೊಟ್ಟೆಯಿಂದ ನೇರವಾಗಿ ಕೆನ್ನೆಗೆ ಬರುವುದಿಲ್ಲ. ಸಿಹಿ ಅತಿಯಾದರೆ ಕೆಲವರಿಗೆ ಹೆಚ್ಚಾಗಬಹುದು, ಅಷ್ಟೇ. ಹಿಸುಕುವುದು ಮಾತ್ರ ಕೂಡದೇ ಕೂಡದು.

ಮನೆಯಲ್ಲಿ ಯಾರಿಗಾದರೂ ಹೀಗೆ ಜೋರಾಗಿ ಬಂದಿತ್ತೇ ಎಂದು ಡಾಕ್ಟರು ಕೇಳಿದಾಗ ತಾಯಿ ಮಗಳು ಇಬ್ಬರೂ ಮೇಷ್ಟ್ರ ಗಡ್ಡದ ಕಡೆ ತಿರುಗಿದರು. ಮೇಷ್ಟ್ರು ತಲೆ ತಗ್ಗಿಸಿದರು. ಆಸ್ತಿ ಪಾಸ್ತಿ ಅಂತ ಮಗಳಿಗೆ ಕೊಡಲು ತಮ್ಮ ಹತ್ತಿರ ಇದ್ದದ್ದು ಇದೊಂದೇ, ಅದನ್ನು ಕೇಳದೆಯೇ ಕೊಟ್ಟುಬಿಟ್ಟೆ ಎನ್ನಿಸಿತು.

ಬೆಳಿಗ್ಗೆ ಮುಖ ತೊಳೆಯಲು ಔಷಧಿ, ರಾತ್ರಿ ಬಟಾಣಿ ಕಾಳಿನಷ್ಟು ಜೆಲ್ಲು, ಅದೂ ಮೊಡವೆಯ ಮೇಲಷ್ಟೇ ಅಲ್ಲ, ಇಡೀ ಮುಖಕ್ಕೆ. ಜೊತೆಗೆ ಮಾತ್ರೆ. ಮೊದಲ ವಾರಗಳಲ್ಲಿ ಸಿಪ್ಪೆ ಏಳಬಹುದು, ಮೊಡವೆ ಹೆಚ್ಚಾದಂತೆಯೂ ಕಾಣಬಹುದು, ಹೆದರಿ ಬಿಡಬಾರದು. ಎರಡು ಮೂರು ತಿಂಗಳು ತಾಳ್ಮೆ ಬೇಕು ಎಂದ ಡಾಕ್ಟರು, ಪೆನ್ನು ಕೆಳಗಿಟ್ಟು ದನಿ ತಗ್ಗಿಸಿದರು.

"ಗುಳ್ಳೆ ಇವತ್ತಲ್ಲ ನಾಳೆ ಹೋಗುತ್ತೆ. ಅದು ಬಿಟ್ಟುಹೋಗೋ ಗುಳಿ ಹೋಗಲ್ಲ. ಆರು ವಾರದಲ್ಲಿ ಈ ಗಂಟುಗಳು ಇಳೀದಿದ್ರೆ ನಾನು ಕಾಯಲ್ಲ, ಇನ್ನೊಂದು ಬಲವಾದ ಮಾತ್ರೆ ಇದೆ, ಅದಕ್ಕೆ ಹೋಗ್ತೀನಿ. ರಕ್ತ ಪರೀಕ್ಷೆ, ಕಟ್ಟುನಿಟ್ಟು ಎಲ್ಲಾ ಇದೆ ಅದಕ್ಕೆ. ಆದ್ರೆ ತಡ ಮಾಡಿದ್ರೆ ಮುಖ ಉಳಿಯಲ್ಲ."

ಮುಂದಿನ ಭೇಟಿ ಸಿಕ್ಕಿದ್ದು ಮೂರು ತಿಂಗಳಿಗೆ. ನಡುವೆ ಎರಡು ವಾರಕ್ಕೊಮ್ಮೆ ಎದುರು, ಎಡ, ಬಲ ಎಂದು ಮೂರು ಫೋಟೋ ಕಳಿಸಬೇಕು, ನೋಡಿ ಹೇಳುತ್ತೇನೆ ಎಂದರು. ಪುಟ್ಟಿಯೇ ಕಳಿಸಲಿ, ಅವಳ ಮುಖ ಅವಳ ಜವಾಬ್ದಾರಿ ಎಂದು ತಮ್ಮ ನಂಬರನ್ನು ಅವಳ ಫೋನಿಗೆ ಕೊಟ್ಟರು. ಅವಳ ಅಪ್ಪ ಫೋಟೋ ಸ್ಟುಡಿಯೋದಲ್ಲೇ ಇರೋದು ಎಂದು ಹೆಂಡತಿ ಹೆಮ್ಮೆಯಿಂದ ಹೇಳಿದಳು. ಡಾಕ್ಟರ ಮುಖ ಅರಳಿತು. ಬೇರೆಯವರು ಕಳಿಸುವ ಫೋಟೋದಲ್ಲಿ ಮೂಗು ಯಾವುದು ಮೊಡವೆ ಯಾವುದು ಗೊತ್ತಾಗುವುದಿಲ್ಲ, ನಿಮ್ಮದರ ಬಗ್ಗೆ ನನಗೆ ಚಿಂತೆಯಿಲ್ಲ ಎಂದರು.

ಎರಡು ವಾರ ಕಳೆದ ಭಾನುವಾರ, ಸ್ಟುಡಿಯೋಗೆ ರಜೆ. ಬೀಗದ ಕೈ ಮೇಷ್ಟ್ರ ಹತ್ತಿರವೇ ಇರುತ್ತಿತ್ತು. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಮದುಮಗಳಿಗೆ ಇಡುವ ಹಾಗೆ ಎದುರಿನಿಂದ ಬಿಳಿ ಕೊಡೆಯ ಮೆದು ಬೆಳಕು ಇಟ್ಟರು. ಆ ಬೆಳಕು ಗುಳಿಗೆ ಇಳಿದು ಗುಳಿಯನ್ನು ತುಂಬಿಬಿಡುತ್ತದೆ. ಹಾಗೇಕೆ ಇಟ್ಟಿರಿ ಎಂದು ಕೇಳಿದ್ದರೆ, ಬೆಳಕು ಇಡುವುದೇ ಹಾಗಲ್ಲವೇ ಎನ್ನುತ್ತಿದ್ದರು. ಬೇರೆ ಬಗೆಯಲ್ಲಿ ಇಟ್ಟು ಅವರಿಗೆ ಗೊತ್ತೇ ಇರಲಿಲ್ಲ.

ಫೋಟೋ ತೆಗೆದು, ಕಂಪ್ಯೂಟರಿಗೆ ಹಾಕಿ, ಅಭ್ಯಾಸಬಲದಿಂದ ಒಮ್ಮೆಗೇ ದೊಡ್ಡದು ಮಾಡಿದರು. ಪರದೆಯ ತುಂಬ ಎಡಗೆನ್ನೆ ಬಂದು ನಿಂತಿತು. ಡಾಕ್ಟರು ಹೇಳಿದಂತೆಯೇ ಎಲ್ಲಾ ಹೆಚ್ಚಾಗಿತ್ತು. ಗದ್ದದ ಅಂಚಿನಲ್ಲಿ ಹೊಸದಾಗಿ ಎರಡು ಗಂಟು ಎದ್ದಿದ್ದವು. ಪುಟ್ಟಿ ಬೆನ್ನ ಹಿಂದೆ ಬಂದು ನಿಂತದ್ದು ಮೇಷ್ಟ್ರಿಗೆ ಗೊತ್ತಾಗಲಿಲ್ಲ.

"ಇದು ನಾನಾ ಅಪ್ಪ?" ಎಂದಳು.

ಕೇಳಿದವಳೇ ಹೋಗಿ ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಳು. ಅವಳು ಎರಡು ತಿಂಗಳಿಂದ ಕನ್ನಡಿ ನೋಡಿರಲಿಲ್ಲ. ಏನಾದರೂ ಹೇಳಬೇಕು ಎಂದು ಮೇಷ್ಟ್ರು ಅಂದುಕೊಳ್ಳುವಷ್ಟರಲ್ಲಿ ಬೆರಳು ತಾನಾಗಿ ಕೆಲಸ ಮಾಡಿತು. ವೃತ್ತ ಹೋಗಿ ಅತಿ ದೊಡ್ಡ ಗಂಟಿನ ಮೇಲೆ ಕೂತಿತು, ಒತ್ತಿದರು, ಗಂಟು ಇಲ್ಲವಾಯಿತು. ಮಗುವಾಗಿದ್ದಾಗ ಹಾಲು ಕುಡಿದ ಬಾಯಿ ಒರೆಸುತ್ತಿದ್ದರಲ್ಲ, ಅಷ್ಟು ಸಲೀಸಾಗಿ. ಇನ್ನೊಂದು, ಮತ್ತೊಂದು. ಪೂರ್ತಿ ತೆಗೆಯಲಿಲ್ಲ, ಕಸುಬು ಬಲ್ಲವರು ಪೂರ್ತಿ ತೆಗೆಯುವುದಿಲ್ಲ. ಮೊದಲ ದಿನ ಡಾಕ್ಟರು ನೋಡಿದ ಮುಖಕ್ಕಿಂತ ಸ್ವಲ್ಪ ಇಳಿದಂತೆ ಕಾಣುವಷ್ಟು ಮಾತ್ರ. ಆಮೇಲೆ ಮಗಳನ್ನು ಕರೆದು, ಕಂಪ್ಯೂಟರು ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ, ಸರಿಯಾದ ಅಳತೆಗೆ ತಂದರೆ ಇಷ್ಟೇ ಇರುವುದು ಎಂದು ಚಿತ್ರ ಚಿಕ್ಕದು ಮಾಡಿ ತೋರಿಸಿದರು.

ಕಡಿಮೆಯಾಗಿದೆಯಾ ಎಂದು ಅವಳು ಕೇಳಿದಳು. ಆಗ್ತಾ ಇದೆ ಎಂದರು. ಬಚ್ಚಲಮನೆಯ ಬಲ್ಬು ತಲೆ ಮೇಲಿನಿಂದ ಬೀಳುವುದರಿಂದ ಅಲ್ಲಿನ ಕನ್ನಡಿಯಲ್ಲಿ ಯಾರ ಮುಖವೂ ಹಾಳಾಗಿಯೇ ಕಾಣುತ್ತದೆಂದೂ, ಅಪ್ಪನ ಕ್ಯಾಮೆರಾ ನಂಬಿದರೆ ಸಾಕೆಂದೂ ಹೇಳಿದರು. ಮಗಳು ನಂಬಿದಳು. ಹುಟ್ಟಿದಂದಿನಿಂದ ಅವಳ ಮುಖದ ಲೆಕ್ಕ ಇಟ್ಟವರು ಅವರೇ ಅಲ್ಲವೇ.

ಒರೆಸಿದ್ದು ಮಗಳಿಗೆ, ಒರೆಸದ್ದು ಡಾಕ್ಟರಿಗೆ ಎಂದೇ ಮೇಷ್ಟ್ರ ಲೆಕ್ಕ. ಇದನ್ನು ನಾನು ಅವರ ಪರವಾಗಿ ಹೇಳಲೇಬೇಕು. ಮನೆಯಲ್ಲಿ ಅಮ್ಮನಿಗೆ ತೋರಿಸಲಿ ಎಂದು ಒರೆಸಿದ ಮೂರು ಫೋಟೋ ಅವಳ ಫೋನಿಗೆ ಹಾಕಿಕೊಟ್ಟರು. ಒರೆಸದವನ್ನು ಅವಳ ಫೋನಿನಿಂದ ಡಾಕ್ಟರಿಗೆ ಕಳಿಸುವುದು ಹೇಗೆ ಎಂದು ದೀಪ ಆರಿಸುತ್ತ, ಬೀಗ ಹಾಕುತ್ತ ಯೋಚಿಸಿದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿಂತಿದ್ದ ಪುಟ್ಟಿ ತನ್ನ ಜವಾಬ್ದಾರಿಯನ್ನು ತಾನೇ ಮುಗಿಸಿಬಿಟ್ಟಿದ್ದಳು. ಫೋನು ಮೇಲೆತ್ತಿ ಹಿಡಿದು ಓಡಿ ಬಂದಳು. ಡಾಕ್ಟರು ಆಗಲೇ ನೋಡಿ, ಒಳ್ಳೆಯ ಸೂಚನೆ, ಹೀಗೇ ಮುಂದುವರಿಸು ಎಂದು ಬರೆದಿದ್ದರು.

ಮೇಷ್ಟ್ರು ಬಾಯಿ ತೆರೆದರು. ಮಗಳು ನಗುತ್ತಿದ್ದಳು. ನಗುವಾಗ ಮರೆತು ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದ್ದಳು. ಆ ಕಿವಿಯನ್ನು ಅವರು ನೋಡಿ ಎಷ್ಟೋ ದಿನವಾಗಿತ್ತು. ಒಳ್ಳೇದಾಯ್ತು ಮಗಳೇ ಎಂಬ ಮಾತು ಬಾಯಿಂದ ಹೊರಗೆ ಬಂತು. ಆಗಲೇ ಹೇಳಿಬಿಟ್ಟಿದ್ದರೆ ಐದು ನಿಮಿಷದ ಅಳುವಿನಲ್ಲಿ ಎಲ್ಲಾ ಮುಗಿಯುತ್ತಿತ್ತು, ನನಗೂ ಇಷ್ಟು ಬರೆಯುವ ಕೆಲಸ ತಪ್ಪುತ್ತಿತ್ತು.

ಎರಡನೆಯ ಸಲ ಫೋಟೋ ತೆಗೆಯುವ ದಿನ ಬಂದಾಗ ಮೇಷ್ಟ್ರು ಇಕ್ಕಟ್ಟಿಗೆ ಸಿಕ್ಕಿದರು. ಈಗ ಒರೆಸದ ಫೋಟೋ ಕಳಿಸಿದರೆ ಎರಡೇ ವಾರದಲ್ಲಿ ಮುಖ ಹೀಗೇಕಾಯಿತು ಎಂದು ಡಾಕ್ಟರು ಕೇಳುತ್ತಾರೆ, ಮಗಳು ಕೇಳುತ್ತಾಳೆ. ಮದುವೆ ಆಲ್ಬಮ್ಮಿನಲ್ಲಿ ಒಂದು ಪುಟದಲ್ಲಿ ಮದುಮಗಳ ಕೆನ್ನೆ ತಿಳಿಯಾಗಿದ್ದು ಮುಂದಿನ ಪುಟದಲ್ಲಿ ಕಲೆಯಿದ್ದರೆ ಟಚಿಂಗ್ ಮಾಡಿದವನ ಮಾನ ಹೋಗುತ್ತದೆ. ಹಿಂದಿನದಕ್ಕೆ ಮುಂದಿನದು ಹೊಂದಬೇಕು. ಹೊಂದಿಸಿದರು. ಹಳೆಯ ಚಿತ್ರ ಪಕ್ಕಕ್ಕಿಟ್ಟುಕೊಂಡು ಗಂಟಿಗೆ ಗಂಟು ತಾಳೆ ಹಾಕಿ, ಇದು ಇಷ್ಟು ಇಳಿದಿರಬೇಕು, ಇದರ ಬಣ್ಣ ಇಷ್ಟು ಮಾಸಿರಬೇಕು ಎಂದು ಅಳೆದು ಒರೆಸಿದರು. ವಾಸಿಯಾಗುವುದನ್ನು ಅವರಷ್ಟು ನಾಜೂಕಾಗಿ ಯಾವ ಔಷಧಿಯೂ ಮಾಡಿರಲಾರದು.

ಅವರ ಮನಸ್ಸು ಒಂದು ದಾರಿ ಹುಡುಕಿಕೊಂಡಿತ್ತು. ಔಷಧಿ ಹೇಗೂ ನಡೆಯುತ್ತಿದೆ. ಇವತ್ತು ಫೋಟೋ ಎರಡು ಹೆಜ್ಜೆ ಮುಂದಿದೆ, ಮುಖ ಹಿಂದೆ. ಇನ್ನೆರಡು ವಾರದಲ್ಲಿ ಮುಖ ಬಂದು ಫೋಟೋವನ್ನು ಕೂಡಿಕೊಳ್ಳುತ್ತದೆ, ಆಗ ಒರೆಸುವ ಕೆಲಸವೇ ಇರುವುದಿಲ್ಲ. ದಿನಾ ಬೆಳಿಗ್ಗೆ ಊಟದ ಮೇಜಿನ ಆಚೆ ಕೂತ ಮಗಳ ಮುಖವನ್ನು ಕಳ್ಳನಂತೆ ನೋಡುತ್ತಿದ್ದರು. ಮುಖ ಬರಲಿಲ್ಲ.

ಹೆಂಡತಿ ಒಂದು ದಿನ ಅನುಮಾನ ತೆಗೆದಳು.

"ನಂಗ್ಯಾಕೋ ಕಡಿಮೆ ಆದ ಹಾಗೆ ಕಾಣ್ತಾ ಇಲ್ಲ ರೀ."

ದಿನಾ ನೋಡುವವರಿಗೆ ಗೊತ್ತಾಗುವುದಿಲ್ಲ ಎಂದರು ಮೇಷ್ಟ್ರು. ದಿನವಿಡೀ ಕಾಜಾ ಹಾಕಿ ಹಾಕಿ ತನ್ನ ಕಣ್ಣೇ ಮಂಜಾಗಿದೆ, ಮುಖದ ವಿಷಯ ಗಂಡನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಎಂದುಕೊಂಡಳು.

ಪುಟ್ಟಿ ಮಾತ್ರ ಬದಲಾದಳು. ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರಿಂದ ಮುಟ್ಟುತ್ತಿರಲಿಲ್ಲ, ನೋಡಬೇಡ ಎಂದು ಅಪ್ಪ ಹೇಳಿದಂತಾಗಿದ್ದರಿಂದ ನೋಡುತ್ತಿರಲಿಲ್ಲ. ನೋವಿದೆಯಲ್ಲ ಎಂದರೆ ಒಳಗೆ ಒಣಗುವಾಗ ನೋಯುತ್ತದೆ ಎಂದು ಮೇಷ್ಟ್ರೇ ಹೇಳಿದ್ದರು. ಐದನೆಯ ವಾರ ಅವಳು ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿ, ಮತ್ತೆ ಸುದ್ದಿ ಓದುತ್ತೇನೆಂದು ಹೆಸರು ಕೊಟ್ಟು, ಇಡೀ ಶಾಲೆಯೆದುರು ನಿಂತು ಓದಿ ಬಂದಳು. ಬಂದವಳು ಊಟಕ್ಕೆ ಕೂತು, ಮುಂದಿನ ಸಾಲಿನ ಒಬ್ಬ ಹುಡುಗಿ ಬಂದು, ಇದು ಅಂಟುತ್ತಾ, ಜಾಸ್ತಿ ಆಗ್ತಾ ಇದೆಯಲ್ಲ ಎಂದು ಕೇಳಿದಳೆಂದು ನಗುತ್ತ ಹೇಳಿದಳು. ಅವಳ ಕಣ್ಣು ಸರಿಯಿಲ್ಲ ಎಂದೂ ಸೇರಿಸಿದಳು. ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟರು.

ಮರುದಿನ ಸ್ಟುಡಿಯೋದ ಹಿಂದಿನ ಕತ್ತಲು ಕೋಣೆಗೆ ಹೋಗಿ ಆಸ್ಪತ್ರೆಗೆ ಫೋನು ಮಾಡಿದರು. ಡಾಕ್ಟರು ರೋಗಿಗಳ ಜೊತೆ ಇದ್ದಾರೆ, ವಿಷಯ ಹೇಳಿ, ಬರೆದಿಡುತ್ತೇನೆ ಎಂದಳು ಫೋನೆತ್ತಿದ ಹುಡುಗಿ. ಏನೆಂದು ಬರೆಸುವುದು? ಮಗಳ ಮೊಡವೆಯನ್ನು ಅಪ್ಪ ಅಳಿಸುತ್ತಿದ್ದಾನೆ ಎಂದೇ? ಏನಿಲ್ಲ ಬಿಡಿ ಎಂದು ಇಟ್ಟುಬಿಟ್ಟರು. ಅಂಜುಬುರುಕ ಎಂದು ಬೈಯಲು ನನಗೂ ಬರುತ್ತದೆ. ಆದರೆ ಆ ಕೋಣೆಯಿಂದ ಹೊರಗೆ ಬಂದಾಗ ಅವರ ಮುಖ ನೋಡಿದ್ದರೆ ನೀವೂ ಬೈಯುತ್ತಿರಲಿಲ್ಲ.

ಆರನೆಯ ವಾರದ ಫೋಟೋ ನೋಡಿ ಡಾಕ್ಟರು ಬರೆದದ್ದನ್ನು ಪುಟ್ಟಿ ಎಲ್ಲರಿಗೂ ಓದಿ ಹೇಳಿದಳು, ಸುದ್ದಿ ಓದುವ ದನಿಯಲ್ಲೇ. ಗಂಟುಗಳು ಇಳಿದಿವೆ, ಬಲವಾದ ಮಾತ್ರೆಯ ಅಗತ್ಯ ಕಾಣುವುದಿಲ್ಲ, ಇದೇ ಔಷಧಿ ಮುಂದುವರಿಸಿ, ಭೇಟಿಯ ದಿನ ನೋಡೋಣ. ಹೆಂಡತಿ ಸದ್ಯ ಎಂದು ಉಸಿರು ಬಿಟ್ಟಳು. ಆರು ವಾರದಲ್ಲಿ ಇಳಿಯದಿದ್ದರೆ ಎಂದು ಡಾಕ್ಟರು ಅಂದು ಹೇಳಿದ್ದು ಮೇಷ್ಟ್ರಿಗೆ ಒಂದಕ್ಷರ ಬಿಡದೆ ನೆನಪಿತ್ತು. ಎದ್ದು ಹೋಗಿ ಕೈ ತೊಳೆದರು. ತೊಳೆದ ಕೈಯನ್ನೇ ಮತ್ತೆ ತೊಳೆದರು.

ಭೇಟಿಯ ದಿನ ಪುಟ್ಟಿ ಕೂದಲು ಎಳೆದು ಕಟ್ಟಿಕೊಂಡೇ ಬಂದಳು. ಡಾಕ್ಟರು ಅವಳನ್ನು ನೋಡಿದರು, ಮೇಜಿನ ಮೇಲಿನ ತಮ್ಮ ಫೋನು ನೋಡಿದರು, ಮತ್ತೆ ಅವಳನ್ನು ನೋಡಿದರು. ಎದ್ದು ಬಂದು ದೀಪ ಎಳೆದು, ಎರಡೂ ಕೆನ್ನೆಯನ್ನು ಬೆರಳ ತುದಿಯಿಂದ ನಿಧಾನಕ್ಕೆ ಒತ್ತಿ ನೋಡಿದರು. ಪುಟ್ಟಿ ನೋವಿಗೆ ಕಣ್ಣು ಮುಚ್ಚಿದಳು. ಯಾವಾಗ ಹೀಗೆ ಒಮ್ಮೆಗೇ ಜಾಸ್ತಿಯಾಯಿತು, ಕಳೆದ ವಾರದ ಫೋಟೋದಲ್ಲಿ ಇರಲಿಲ್ಲವಲ್ಲ ಎಂದರು.

"ಜಾಸ್ತಿ ಆಗಿಲ್ಲ ಮೇಡಂ, ಕಡಿಮೆ ಆಗಿದೆ," ಎಂದಳು ಪುಟ್ಟಿ.

ಡಾಕ್ಟರು ಮೇಜಿನ ಖಾನೆಯಿಂದ ದುಂಡು ಕನ್ನಡಿ ತೆಗೆದು ಅವಳ ಕೈಗೆ ಕೊಟ್ಟರು. ಬೇಡ ಎಂದು ಮೇಷ್ಟ್ರು ಅರ್ಧ ಎದ್ದರು. ಅಷ್ಟರಲ್ಲಿ ಅವಳು ನೋಡಿಯಾಗಿತ್ತು. ಬಲಕ್ಕೆ ತಿರುಗಿ ನೋಡಿಕೊಂಡಳು, ಎಡಕ್ಕೆ ತಿರುಗಿ ನೋಡಿಕೊಂಡಳು. ಆಮೇಲೆ ಕನ್ನಡಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಕೂದಲಿನ ಗಂಟು ಬಿಚ್ಚಲು ಕೈ ಹಿಂದಕ್ಕೆ ಹೋಯಿತು, ಬಿಚ್ಚಲಾಗದೆ ಅಲ್ಲೇ ನಿಂತಿತು. ಅಷ್ಟು ದಿನ ಎಲ್ಲರೆದುರು ನಿಂತು ಸುದ್ದಿ ಓದಿದ್ದು ಈ ಮುಖದಲ್ಲಿ ಎಂದು ಅವಳಿಗೆ ಗೊತ್ತಾಗುತ್ತಿರುವುದನ್ನು ಮೇಷ್ಟ್ರು ಕಣ್ಣಾರೆ ಕಂಡರು.

"ನಾನೇ ಸ್ವಲ್ಪ ಕ್ಲೀನ್ ಮಾಡಿದ್ದೆ ಮೇಡಂ," ಎಂದರು. ದನಿ ಅವರದ್ದೇ ಎಂದು ಅವರಿಗೇ ಅನ್ನಿಸಲಿಲ್ಲ. "ಪ್ರತಿ ಸಲಾನೂ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ನಿಂತು ಸ್ವಲ್ಪ ಹಗುರಾಗುತ್ತಿದ್ದರು, ಅದೂ ಸಿಗಲಿಲ್ಲ. ಆರನೆಯ ವಾರದಲ್ಲೇ ತಾನು ಮಾತ್ರೆ ಬದಲಿಸುತ್ತಿದ್ದೆ ಎಂದಷ್ಟೇ ಹೇಳಿ, ಎಡಗೆನ್ನೆಯಲ್ಲಿ ಮೂರು, ಬಲಗೆನ್ನೆಯಲ್ಲಿ ಎರಡು ಗುಳಿ ಆಗಲೇ ಬಿದ್ದಿವೆ ಎಂದು ಚೀಟಿಯಲ್ಲಿ ಗುರುತು ಹಾಕಿಕೊಂಡರು. ಇವತ್ತೇ ರಕ್ತ ಕೊಟ್ಟು ಹೋಗಿ, ವರದಿ ಬಂದ ಕೂಡಲೇ ಬಲವಾದ ಮಾತ್ರೆ ಶುರು ಮಾಡೋಣ, ಇನ್ನು ಹೊಸದು ಬೀಳದಂತೆ ನೋಡಿಕೊಳ್ಳಬಹುದು ಎಂದರು. ಬಿದ್ದದ್ದನ್ನು ಏನು ಮಾಡುವುದು ಎಂದು ತಾಯಿ ಕೇಳಿದಳು. ಎಲ್ಲಾ ತಣ್ಣಗಾದ ಮೇಲೆ ಮುಂದೆ ಯಾವಾಗಲಾದರೂ ಸ್ವಲ್ಪ ಮಟ್ಟ ಮಾಡಬಹುದು, ಪೂರ್ತಿ ತುಂಬುವುದಿಲ್ಲ ಎಂದರು ಡಾಕ್ಟರು.

ಪುಟ್ಟಿ ಅಷ್ಟು ಹೊತ್ತೂ ಮಗುಚಿದ ಕನ್ನಡಿಯನ್ನೇ ನೋಡುತ್ತಿದ್ದಳು. ಕೇಳಿದ್ದು ಡಾಕ್ಟರನ್ನು.

"ಹಾಗಾದ್ರೆ ಇಷ್ಟು ದಿನ ನೀವು ಔಷಧಿ ಕೊಟ್ಟಿದ್ದು ಯಾರಿಗೆ?"

ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ಬರೆಯತೊಡಗಿದರು. ಆ ಪ್ರಶ್ನೆಗೆ ಉತ್ತರವಿದ್ದವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈಕೈ ಹಿಸುಕಿಕೊಳ್ಳುತ್ತ ಕೂತಿದ್ದರು. ಹೊರಡುವಾಗ ಡಾಕ್ಟರು, ಫೋಟೋ ಇನ್ನು ಮೇಲೆ ಅಮ್ಮ ತೆಗೆಯಲಿ ಎಂದರು, ಕಠಿಣವಾಗೇನಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ಎದುರಿಗಿದ್ದ ಮಗು ಬಿಟ್ಟು ಫೋಟೋ ನಂಬಿದೆನಲ್ಲ, ಈ ಮನೆಗೆ ಬಂದಾಗ ಮಾಡಿದ ತಪ್ಪನ್ನೇ ಮತ್ತೆ ಮಾಡಿದೆ ಎಂದು ಪಾತ್ರೆ ತೊಳೆಯುತ್ತ ತನಗೆ ತಾನೇ ಹೇಳಿಕೊಂಡಳು. ಹಿಂದೆಲ್ಲ ಆ ಮಾತಿಗೆ ನಗು ಇರುತ್ತಿತ್ತು. ಪುಟ್ಟಿ ಬಚ್ಚಲಮನೆಯ ಕನ್ನಡಿಯ ಟವೆಲ್ ಕಿತ್ತು ಒಗೆಯಲು ಹಾಕಿದಳು. ಅಪ್ಪನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ಅವರು ತಟ್ಟೆ ಸರಿಸಿದರೆ ಉಣ್ಣುವಳು, ನೀರು ಕೇಳಿದರೆ ತಂದಿಡುವಳು, ಮಾತಿಲ್ಲ. ಮೇಷ್ಟ್ರು ಎಷ್ಟೋ ಸಲ ಏನನ್ನೋ ಹೇಳಲು ಅವಳ ಕೋಣೆಯ ಬಾಗಿಲವರೆಗೆ ಹೋಗಿ, ಬಂದ ದಾರಿಯಲ್ಲೇ ವಾಪಸಾದರು. ಸ್ಟುಡಿಯೋದಲ್ಲಿ ಯಾರದೋ ಮಗಳ ಮುಖ ಪರದೆಗೆ ಬಂದರೆ ವೃತ್ತ ಕೆನ್ನೆಯ ಮೇಲೆ ಹೋಗಿ ನಿಲ್ಲುತ್ತಿತ್ತು, ಬೆರಳು ಒತ್ತುತ್ತಿರಲಿಲ್ಲ.

ಹೊಸ ಮಾತ್ರೆ ಶುರುವಾಗಿ ಎರಡು ವಾರಕ್ಕೆ ಪುಟ್ಟಿಯ ತುಟಿ ಒಣಗಿ ಬಿರಿದಿತ್ತು. ಭಾನುವಾರ ಬೆಳಿಗ್ಗೆ ತಾಯಿ ಅವಳನ್ನು ನಡುಮನೆಯ ಕಿಟಕಿಯ ಹತ್ತಿರ ಕೂರಿಸಿ ಫೋನು ಹಿಡಿದಳು. ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ಈರುಳ್ಳಿ ಹೆಚ್ಚುತ್ತ ಕೂತಿದ್ದರು. ನೋಡಬಾರದು ಎಂದುಕೊಂಡೂ ನೋಡಿದರು. ಮಗಳ ಬೆನ್ನು ಕಿಟಕಿಗಿತ್ತು. ಬೆಳಕೆಲ್ಲ ಹಿಂದೆ, ಮುಖವೆಲ್ಲ ಕಪ್ಪು. ಆ ಫೋಟೋದಲ್ಲಿ ಡಾಕ್ಟರಿಗೆ ಏನೂ ಕಾಣುವುದಿಲ್ಲ. ನಾಲಿಗೆ ತುದಿಯವರೆಗೆ ಬಂದ ಮಾತನ್ನು ನುಂಗಿಕೊಂಡು ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಹೆಚ್ಚತೊಡಗಿದರು. ಈ ಮುಖದ ಬಗ್ಗೆ ಬಾಯಿ ಬಿಡುವ ಹಕ್ಕು ತಮಗಿಲ್ಲ ಎಂದು ಅವರಿಗೆ ಗೊತ್ತಿತ್ತು.

ತಾಯಿ ಎರಡು ಮೂರು ಸಲ ತೆಗೆದಳು, ತೋರಿಸಿದಳು. ಪುಟ್ಟಿ ನೋಡಿ ತಲೆ ಅಲ್ಲಾಡಿಸಿದಳು. ಆಮೇಲೆ ತಿರುಗದೆಯೇ, ಅಡುಗೆಮನೆಯ ಕಡೆಗೆ ಮಾತು ಬಿಟ್ಟಳು. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನಿಗೆ ಅದು ಮೊದಲ ಮಾತು.

"ಬೆಳಕು ಯಾವ ಕಡೆಯಿಂದ ಬಂದ್ರೆ ಗುಳಿ ಚೆನ್ನಾಗಿ ಕಾಣುತ್ತೆ, ಹೇಳಪ್ಪ."

ಇಪ್ಪತ್ತೆಂಟು ವರ್ಷ ಗುಳಿ ಕಾಣದ ಹಾಗೆ ಬೆಳಕು ಇಟ್ಟ ಮನುಷ್ಯ. ಕಾಣುವ ಹಾಗೆ ಇಡುವುದು ಹೇಗೆ ಎಂದು ಇದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲ. ಕೇಳಿದ ಮೇಲೆ ಗೊತ್ತಿಲ್ಲ ಎನ್ನುವಂತಿರಲಿಲ್ಲ.

"ಪಕ್ಕದಿಂದ," ಎಂದರು.

ಎದ್ದು ಬಂದರು. ಕೈ ಒರೆಸಿಕೊಂಡು, ಮಗಳ ಕುರ್ಚಿಯನ್ನು ಕಿಟಕಿಗೆ ಓರೆಯಾಗಿ ತಿರುಗಿಸಿ, ಪರದೆಯನ್ನು ಒಂದು ಗೇಣು ಸರಿಸಿದರು. ಬಿಸಿಲು ಕೆನ್ನೆಯ ಅಂಚಿನಿಂದ ಹಾಯ್ದು ಹೋಯಿತು. ಡಾಕ್ಟರು ಹೇಳಿದ ಎಡಗಡೆಯ ಮೂರೂ ಗುಳಿಗಳಲ್ಲಿ ನೆರಳು ಇಳಿದು ನಿಂತಿತು, ಅವುಗಳ ಕೆಳಗೆ ಡಾಕ್ಟರು ಹೇಳದ ನಾಲ್ಕನೆಯದೊಂದರಲ್ಲೂ. ಮೇಷ್ಟ್ರ ತೋರುಬೆರಳು ಮಿಡಿಯಿತು. ಅದನ್ನು ಮುಷ್ಟಿಯೊಳಗೆ ಮಡಿಸಿಕೊಂಡರು.

"ಕಾಣ್ತಾ ಇದೆಯಾ?" ಎಂದಳು ಪುಟ್ಟಿ, ಅಲುಗದೆ.

"ಕಾಣ್ತಾ ಇದೆ ಮಗಳೇ," ಎಂದರು ಮೇಷ್ಟ್ರು. "ಎಲ್ಲಾ ಕಾಣ್ತಾ ಇದೆ."

ಹೆಂಡತಿ ಫೋಟೋ ತೆಗೆದಳು.